ವ್ಯಾಪಾರದ ಪ್ರಚಾರಕ್ಕೆ ಕ್ಯೂಆರ್ ಕೋಡ್: ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದರ್ಶಿನಿ, ಬೇಕರಿ, ಸೀರೆ ಅಂಗಡಿ, ಹೋಂಸ್ಟೇ, ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವ ಉದ್ಯಮ, ಹೀಗೆ ಸಣ್ಣ ಪ್ರಮಾಣದಲ್ಲಿ ವ್ಯಾಪಾರ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ.

ಗಲ್ಲೆಯ ಮುಂದೆ ಯುಪಿಐ ಕ್ಯೂಆರ್ ಈಗಾಗಲೇ ಇದೆ. ಪ್ರಚಾರಕ್ಕೆಂದು ಇನ್ನೊಂದು ಏಕೆ ಬೇಕು?

ಎರಡೂ ನೋಡಲು ಒಂದೇ ರೀತಿಯಾಗಿದ್ದರೂ ಅವುಗಳ ಕೆಲಸ ಬೇರೆ. ಯುಪಿಐ ಕೋಡಿನೊಳಗೆ ನಿಮ್ಮ ಯುಪಿಐ ಐಡಿ ಮತ್ತು ಹೆಸರು ಇರುತ್ತವೆ. ಅದನ್ನು ಓದಿದ ಆ್ಯಪ್ ನೇರವಾಗಿ ಹಣ ಕಳಿಸುವ ಪರದೆಯನ್ನು ತೆರೆಯುತ್ತದೆ. ಪ್ರಚಾರದ ಕೋಡಿನಲ್ಲಿ ಸಾಮಾನ್ಯವಾಗಿ ಒಂದು ವೆಬ್ ವಿಳಾಸವಿದ್ದು, ಅದು ನಿಮ್ಮ ತಿಂಡಿಪಟ್ಟಿಗೋ, ವಾಟ್ಸ್ಆ್ಯಪ್‌ಗೋ, ಅಂಗಡಿಗೆ ಬರುವ ದಾರಿ ತೋರಿಸುವ ನಕ್ಷೆಗೋ ಗ್ರಾಹಕರನ್ನು ಕರೆದೊಯ್ಯುತ್ತದೆ.

ನಮ್ಮ ಕಡೆಯ ವ್ಯಾಪಾರಿಗಳಿಗೆ ಮಾತ್ರ ಇಲ್ಲಿ ವಿಶೇಷವಾದ ತೊಡಕೊಂದಿದೆ. 2016ರಲ್ಲಿ ಯುಪಿಐ ಬಂದ ನಂತರ ತರಕಾರಿ ಗಾಡಿಯಿಂದ ಹಿಡಿದು ದೇವಸ್ಥಾನದ ಹುಂಡಿಯವರೆಗೆ ಜನರು ಈ ಕಪ್ಪು ಬಿಳುಪು ಚೌಕವನ್ನು ಕಂಡದ್ದು ಹಣ ಕೊಡುವ ಜಾಗವಾಗಿಯೇ ಹೊರತು ಮಾಹಿತಿ ಪಡೆಯುವ ಜಾಗವಾಗಿ ಅಲ್ಲ. ಹಾಗಾಗಿ ನಿಮ್ಮ ಕರಪತ್ರದಲ್ಲಿ ಬರಿಯ ಚೌಕವೊಂದು ಕಂಡರೆ ಓದುಗರ ಮನಸ್ಸಿಗೆ ಮೊದಲು ಬರುವುದು ‘ಇವರಿಗೇಕೆ ದುಡ್ಡು ಕೊಡಬೇಕು?’ ಎಂಬ ಪ್ರಶ್ನೆ. ಸ್ಕ್ಯಾನ್ ಮಾಡಲು ಮನಸ್ಸು ಮಾಡಿದವರೂ ಅಭ್ಯಾಸಬಲದಿಂದ ಪಾವತಿ ಆ್ಯಪ್ ತೆರೆಯುತ್ತಾರೆ, ಮತ್ತು ಆ ಆ್ಯಪ್ ‘ಇದು ಪಾವತಿಯ ಕೋಡ್ ಅಲ್ಲ’ ಎಂದು ತಿರಸ್ಕರಿಸುವುದುಂಟು. ಗ್ರಾಹಕರು ಅದನ್ನು ನಿಮ್ಮ ಕೋಡ್ ಕೆಟ್ಟಿದೆ ಎಂದೇ ತಿಳಿಯುತ್ತಾರೆ.

ಆದ್ದರಿಂದ ಕೋಡಿನ ಪಕ್ಕದಲ್ಲಿ ಎರಡು ಸಂಗತಿಗಳನ್ನು ಅಚ್ಚ ಕನ್ನಡದಲ್ಲಿ ಬರೆಯಲೇಬೇಕು: ಸ್ಕ್ಯಾನ್ ಮಾಡಿದರೆ ಏನು ಸಿಗುತ್ತದೆ ಎಂಬುದು ಒಂದು, ಯಾವುದರಿಂದ ಸ್ಕ್ಯಾನ್ ಮಾಡಬೇಕು ಎಂಬುದು ಇನ್ನೊಂದು. ‘ಇಂದಿನ ಊಟದ ಪಟ್ಟಿ ನೋಡಲು ಫೋನಿನ ಕ್ಯಾಮೆರಾ ಹಿಡಿಯಿರಿ, ಇದು ಹಣ ಪಾವತಿಗಲ್ಲ’ ಎಂಬಷ್ಟು ಬರೆದರೂ ಸಾಕು. ಆ್ಯಪಲ್‌ನ ಫೋನುಗಳ ಕ್ಯಾಮೆರಾ 2017ರ ಐಒಎಸ್ 11ರಿಂದಲೇ ಈ ಕೋಡನ್ನು ತಾನಾಗಿ ಓದುತ್ತದೆ. ಇತ್ತೀಚಿನ ಆಂಡ್ರಾಯ್ಡ್ ಫೋನುಗಳಲ್ಲೂ ಕ್ಯಾಮೆರಾ ಅಥವಾ ಗೂಗಲ್ ಲೆನ್ಸ್ ಆ ಕೆಲಸ ಮಾಡುತ್ತದೆ.

ಈ ಚೌಕದೊಳಗೆ ನಿಜವಾಗಿ ಏನಿರುತ್ತದೆ?

ಅಕ್ಷರಗಳು ಮತ್ತು ಅಂಕಿಗಳು, ಅಷ್ಟೇ. ಚೌಕಾಬಾರದ ಮಣೆಯಲ್ಲಿ ಮನೆಗಳಿರುವಂತೆ ಇಲ್ಲಿಯೂ ಸಣ್ಣ ಸಣ್ಣ ಮನೆಗಳಿದ್ದು, ಕಪ್ಪು ಮನೆ ಮತ್ತು ಬಿಳಿ ಮನೆಗಳ ಜೋಡಣೆಯಲ್ಲಿ ವಿಷಯ ಅಡಗಿರುತ್ತದೆ. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ‘ಕೋಡ್ ಇಲ್ಲಿದೆ, ಹೀಗೆ ತಿರುಗಿದೆ’ ಎಂದು ಕ್ಯಾಮೆರಾಕ್ಕೆ ತಿಳಿಸುತ್ತವೆ. ಅತಿ ಚಿಕ್ಕ ಕೋಡಿನಲ್ಲಿ ಅಡ್ಡಕ್ಕೆ 21, ಉದ್ದಕ್ಕೆ 21 ಮನೆಗಳಿದ್ದರೆ ಅತಿ ದೊಡ್ಡದರಲ್ಲಿ 177ರಂತೆ ಇರುತ್ತವೆ.

ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಾಸಾಹಿರೊ ಹಾರಾ ಅವರ ತಂಡ 1994ರಲ್ಲಿ ಇದನ್ನು ರೂಪಿಸಿದ್ದು ಜಾಹೀರಾತಿಗಾಗಿ ಅಲ್ಲ, ವಾಹನಗಳ ಬಿಡಿಭಾಗಗಳ ಲೆಕ್ಕ ಇಡುವುದಕ್ಕಾಗಿ. ಒಂದೊಂದು ಪೆಟ್ಟಿಗೆಗೂ ಹಲವಾರು ಬಾರ್‌ಕೋಡ್‌ಗಳನ್ನು ಓದಿಸಿ ಬೇಸತ್ತ ಕೆಲಸಗಾರರ ದೂರಿನಿಂದ ಈ ಹುಡುಕಾಟ ಶುರುವಾಯಿತು. ಹಾರಾ ಅವರಿಗೆ ಈ ವಿನ್ಯಾಸ ಹೊಳೆದದ್ದು ‘ಗೊ’ ಎಂಬ ಮಣೆಯಾಟದಿಂದ. ಪೇಟೆಂಟ್ ತನ್ನಲ್ಲಿದ್ದರೂ ನಿಯಮಬದ್ಧವಾಗಿ ಬಳಸುವವರ ಮೇಲೆ ಅದನ್ನು ಚಲಾಯಿಸುವುದಿಲ್ಲವೆಂದು ಸಂಸ್ಥೆ ಘೋಷಿಸಿದ್ದರಿಂದ ಕೋಡ್ ಎಲ್ಲರ ಸ್ವತ್ತಾಯಿತು.

ಹಾಗಾದರೆ ಕೋಡ್ ಮಾಡಿಸಲು ಹಣ ಕೊಡಬೇಕಾಗಿಲ್ಲವೇ?

ಕೋಡಿಗೆ ಕೊಡಬೇಕಾಗಿಲ್ಲ. ಇಲ್ಲಿ ‘ಸ್ಥಿರ’ ಮತ್ತು ‘ಡೈನಾಮಿಕ್’ ಎಂಬ ಎರಡು ಬಗೆಗಳನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳದೆ ಮೋಸಹೋದವರು ಬಹಳ. ಸ್ಥಿರ ಕೋಡಿನಲ್ಲಿ ನಿಮ್ಮ ವಿಳಾಸವೇ ನೇರವಾಗಿ ಅಚ್ಚಾಗಿರುತ್ತದೆ. ಅದಕ್ಕೆ ಅವಧಿಯೆಂಬುದಿಲ್ಲ, ಕ್ರೋಮ್ ಬ್ರೌಸರ್‌ನಲ್ಲಿಯೇ ಉಚಿತವಾಗಿ ಮಾಡಿಕೊಳ್ಳಬಹುದು, ಆದರೆ ಮುದ್ರಿಸಿದ ಮೇಲೆ ವಿಳಾಸವನ್ನು ಬದಲಿಸಲು ಬರುವುದಿಲ್ಲ. ಡೈನಾಮಿಕ್ ಕೋಡಿನಲ್ಲಿ ಅಚ್ಚಾಗಿರುವುದು ಸೇವೆ ಕೊಡುವ ಕಂಪನಿಯ ಚಿಕ್ಕ ವಿಳಾಸ. ಅಲ್ಲಿಂದ ನಿಮ್ಮ ಪುಟಕ್ಕೆ ಗ್ರಾಹಕರನ್ನು ದಾಟಿಸಲಾಗುತ್ತದೆ. ಹೀಗಾಗಿ ಮುದ್ರಣದ ನಂತರವೂ ಗುರಿಯನ್ನು ಬದಲಿಸಬಹುದು, ಎಷ್ಟು ಸಲ ಸ್ಕ್ಯಾನ್ ಆಯಿತೆಂಬ ಲೆಕ್ಕವೂ ಸಿಗುತ್ತದೆ. ಆದರೆ ನಡುವಿನ ಆ ದಾಟುಸೇತುವೆ ನಿಮ್ಮದಲ್ಲ. ‘ಉಚಿತ’ ಎಂದು ಮಾಡಿಕೊಟ್ಟು, ಕರಪತ್ರಗಳೆಲ್ಲ ಊರು ತುಂಬ ಹಂಚಿಕೆಯಾದ ಮೇಲೆ ‘ಅವಧಿ ಮುಗಿದಿದೆ, ಚಂದಾ ಕಟ್ಟಿ’ ಎನ್ನುವ ಸೇವೆಗಳಿವೆ.

ನಮ್ಮ ಸಲಹೆ ಮೂರನೆಯ ದಾರಿ. ಅಂಗಡಿಯ ಹೆಸರಿನಲ್ಲಿ ಒಂದು ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮದೇ ಆದ ವಿಳಾಸದ ಹೆಸರು, ಕೊಂಡುಕೊಳ್ಳಿ. ಅದರಲ್ಲಿಯೇ ಒಂದು ಚಿಕ್ಕ ವಿಳಾಸ ಮಾಡಿಸಿ, ಅದು ಸದ್ಯಕ್ಕೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಿರುಗಿಸಿ, ಆ ಚಿಕ್ಕ ವಿಳಾಸವನ್ನೇ ಸ್ಥಿರ ಕೋಡಾಗಿ ಅಚ್ಚು ಹಾಕಿಸಿ. ಬದಲಿಸುವ ಸ್ವಾತಂತ್ರ್ಯವೂ ನಿಮ್ಮದು, ಸೇತುವೆಯೂ ನಿಮ್ಮದು. ವರ್ಷ ವರ್ಷ ಡೊಮೇನ್ ನವೀಕರಿಸಲು ಮಾತ್ರ ಮರೆಯಬಾರದು. 2015ರಲ್ಲಿ ಜರ್ಮನಿಯ ಗ್ರಾಹಕರೊಬ್ಬರು ಹೈಂಜ್ ಕೆಚಪ್ ಬಾಟಲಿಯ ಮೇಲಿದ್ದ ಕೋಡ್ ಸ್ಕ್ಯಾನ್ ಮಾಡಿದಾಗ ಅಶ್ಲೀಲ ತಾಣವೊಂದು ತೆರೆದುಕೊಂಡು ಸುದ್ದಿಯಾಗಿತ್ತು: ಕೋಡ್ ಮೊದಲು ಕರೆದೊಯ್ಯುತ್ತಿದ್ದ ಸ್ಪರ್ಧೆ ಮುಗಿದ ಮೇಲೆ ಕಂಪನಿ ಆ ಡೊಮೇನನ್ನು ಕೈಬಿಟ್ಟಿತ್ತು, ಬೇರೆಯವರು ಅದನ್ನು ಕೊಂಡಿದ್ದರು, ಬಾಟಲಿಗಳು ಮಾತ್ರ ಇನ್ನೂ ಜನರ ಅಡುಗೆಮನೆಯಲ್ಲಿದ್ದವು. ಕಂಪನಿ ಕ್ಷಮೆ ಕೇಳಬೇಕಾಯಿತು. ಪ್ರಚಾರದ ಅವಧಿ ಮುಗಿದರೂ ಮುದ್ರಿತ ವಸ್ತು ಉಳಿದಿರುತ್ತದೆ.

ಸ್ಕ್ಯಾನ್ ಮಾಡಿದವರನ್ನು ಎಲ್ಲಿಗೆ ಕರೆದೊಯ್ಯಬೇಕು?

ಹೆಚ್ಚಿನವರು ವೆಬ್‌ಸೈಟಿನ ಮುಖಪುಟಕ್ಕೆ ಕರೆದೊಯ್ಯುತ್ತಾರೆ, ಮತ್ತು ಅದೇ ತಪ್ಪು. ಮುಖಪುಟದಲ್ಲಿ ಸಂಸ್ಥಾಪಕರ ಭಾವಚಿತ್ರ, ಧ್ಯೇಯವಾಕ್ಯ, ಸರಿಯುವ ಚಿತ್ರಗಳು ಇರುತ್ತವೆಯೇ ಹೊರತು ನಿಂತ ಕಾಲಲ್ಲಿ ಸ್ಕ್ಯಾನ್ ಮಾಡಿದವರಿಗೆ ಬೇಕಾದ ಸಂಗತಿ ಇರುವುದಿಲ್ಲ. ಕೋಡ್ ಇರುವ ಜಾಗದಲ್ಲಿ ನಿಂತಿರುವ ವ್ಯಕ್ತಿಗೆ ಆ ಗಳಿಗೆಯಲ್ಲಿ ಏಳುವ ಪ್ರಶ್ನೆ ಯಾವುದೋ ಅದಕ್ಕೆ ಮಾತ್ರ ಪುಟ ಉತ್ತರಿಸಬೇಕು.

ಸೀರೆ ಅಂಗಡಿಯ ಉದಾಹರಣೆ ನೋಡೋಣ. ಇಳಕಲ್ ಸೀರೆಯ ಚೀಟಿಯ ಮೇಲೆ ಕೋಡ್ ಹಾಕುವುದಾದರೆ ಕೊಳ್ಳುವವರ ಪ್ರಶ್ನೆ ‘ಇದು ನಿಜವಾದ ಕೈಮಗ್ಗದ್ದೇ? ಸೆರಗನ್ನು ಒಡಲಿಗೆ ಜೋಡಿಸಿದ್ದು ಹೇಗೆ? ಒಗೆಯುವುದು ಹೇಗೆ?’ ಎಂಬುದು. ‘ಟೋಪೆ ತೆನಿ’ ಎಂಬ ಇಳಕಲ್ ಸೀರೆಯ ವಿಶಿಷ್ಟ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕುಣಿಕೆ ಹಾಕಿ ಸೇರಿಸುವ ವಿಧಾನವನ್ನು ಅರ್ಧ ನಿಮಿಷದ ವಿಡಿಯೊದಲ್ಲಿ ತೋರಿಸಿದರೆ ಆ ಸೀರೆಯ ಬೆಲೆ ಏಕೆ ಹೆಚ್ಚೆಂಬುದನ್ನು ಮಾರಾಟಗಾರರು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಅದೇ ಅಂಗಡಿಯ ಬಾಗಿಲು ಮುಚ್ಚಿದ ಮೇಲೆ ಷಟರ್ ಮೇಲೆ ಕಾಣುವ ಕೋಡ್ ಬೇರೆ ಪ್ರಶ್ನೆಗೆ ಉತ್ತರಿಸಬೇಕು: ನಾಳೆ ಎಷ್ಟು ಗಂಟೆಗೆ ತೆರೆಯುತ್ತದೆ, ಈಗ ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸಬಹುದೇ. ಒಂದೇ ಅಂಗಡಿ, ಎರಡು ಜಾಗ, ಎರಡು ಕೋಡ್.

ಕೊಡಗು, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳವರು ಇನ್ನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಘಟ್ಟದ ತಿರುವಿನಲ್ಲಿ ಸಿಗ್ನಲ್ ಇಲ್ಲದ ಕಡೆ ಹಾಕಿದ ಕೋಡ್ ಬರಿಯ ಅಲಂಕಾರ. ಅಂಥಲ್ಲಿ ವೆಬ್ ವಿಳಾಸದ ಬದಲು ಹೆಸರು, ದೂರವಾಣಿ ಸಂಖ್ಯೆಗಳಿರುವ ಸಂಪರ್ಕ ಕೋಡ್ ಹಾಕಿದರೆ ಇಂಟರ್ನೆಟ್ ಇಲ್ಲದೆಯೂ ಫೋನಿನಲ್ಲಿ ಅದು ಉಳಿಯುತ್ತದೆ. ಕೋಣೆಯೊಳಗೆ ವೈಫೈ ಕೋಡ್ ಇಟ್ಟರೆ ಪಾಸ್‌ವರ್ಡ್ ಕೇಳಿಕೊಂಡು ಅತಿಥಿಗಳು ಅಡುಗೆಮನೆಯವರೆಗೆ ಬರುವುದು ತಪ್ಪುತ್ತದೆ.

ಪುಟ ಹಗುರವಾಗಿರಲಿ, ಫೋನಿನ ಪರದೆಗೆ ಹೊಂದುವಂತಿರಲಿ. ತಿಂಡಿಪಟ್ಟಿಯ ದೊಡ್ಡ ಪಿಡಿಎಫ್ ಇಟ್ಟು, ಗ್ರಾಹಕರು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದುವಂತೆ ಮಾಡುವುದು ಹಸಿದವರಿಗೆ ಕೊಡುವ ಶಿಕ್ಷೆ.

ಕೋಡ್ ಹಾಕಿ ತಿಂಗಳಾಯಿತು, ಯಾರೂ ಸ್ಕ್ಯಾನ್ ಮಾಡುತ್ತಿಲ್ಲ. ಏಕೆ?

ಕಾರಣ ಕೊಟ್ಟಿಲ್ಲ ಎಂಬುದೇ ಸಾಮಾನ್ಯವಾದ ಕಾರಣ. ‘ಹೆಚ್ಚಿನ ಮಾಹಿತಿಗಾಗಿ ಸ್ಕ್ಯಾನ್ ಮಾಡಿ’ ಎಂಬ ಮಾತಿನಲ್ಲಿ ಯಾರಿಗೂ ಆಸೆ ಹುಟ್ಟುವುದಿಲ್ಲ. ಹೆಚ್ಚಿನ ಮಾಹಿತಿ ಬೇಕೆಂದು ಯಾರೂ ಬೀದಿಗೆ ಬಂದಿರುವುದಿಲ್ಲ.

ಗೆದ್ದ ಪ್ರಯೋಗಗಳನ್ನು ನೋಡಿದರೆ ಅವೆಲ್ಲವೂ ಜಾಗ ಮತ್ತು ಗಳಿಗೆಯನ್ನು ಚೆನ್ನಾಗಿ ಓದಿಕೊಂಡಿದ್ದವು. 2011ರಲ್ಲಿ ದಕ್ಷಿಣ ಕೊರಿಯಾದಲ್ಲಿ ಟೆಸ್ಕೊ ಹೋಂಪ್ಲಸ್ ಕಂಪನಿಯು ಸೋಲ್ ನಗರದ ಮೆಟ್ರೊ ನಿಲ್ದಾಣದ ಗೋಡೆಗಳಿಗೆ ದಿನಸಿ ಕಪಾಟಿನ ಚಿತ್ರಗಳನ್ನು ಅಂಟಿಸಿ, ಒಂದೊಂದು ಸಾಮಾನಿನ ಕೆಳಗೂ ಒಂದೊಂದು ಕೋಡ್ ಇಟ್ಟಿತು. ರೈಲಿಗೆ ಕಾಯುವವರು ಸ್ಕ್ಯಾನ್ ಮಾಡಿದ ಸಾಮಾನು ಮನೆಗೆ ಬರುತ್ತಿತ್ತು. ಕಾಯುವಿಕೆಯ ಆ ಕೆಲವು ನಿಮಿಷಗಳೇ ಅಲ್ಲಿ ಬಂಡವಾಳ.

ನಮ್ಮಲ್ಲೇ ನಡೆದ ಉದಾಹರಣೆ ರಾಜಕೀಯದ್ದು. 2022ರ ಸೆಪ್ಟೆಂಬರ್‌ನಲ್ಲಿ ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್, ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವಿದ್ದ ‘ಪೇಸಿಎಂ’ ಪೋಸ್ಟರ್‌ಗಳನ್ನು ಬೆಂಗಳೂರಿನ ಗೋಡೆಗಳಿಗೆ ಅಂಟಿಸಿತು. ಕೋಡ್ ಸ್ಕ್ಯಾನ್ ಮಾಡಿದವರು ಶೇ 40 ಕಮಿಷನ್ ಆರೋಪದ ಕುರಿತು ಪಕ್ಷ ನಡೆಸುತ್ತಿದ್ದ ವೆಬ್‌ಸೈಟಿಗೆ ಹೋಗುತ್ತಿದ್ದರು. ಆರೋಪದ ಸತ್ಯಾಸತ್ಯತೆ ಇಲ್ಲಿಯ ವಿಷಯವಲ್ಲ. ಪ್ರಚಾರದ ತಂತ್ರವಾಗಿ ಗಮನಿಸಬೇಕಾದದ್ದೆಂದರೆ, ‘ಈ ಚೌಕ ಎಂದರೆ ಹಣ ಕೊಡುವುದು’ ಎಂಬ ಜನರ ಗ್ರಹಿಕೆಯನ್ನು ತೊಡಕಾಗಿ ಕಾಣದೆ ಅದನ್ನೇ ವ್ಯಂಗ್ಯದ ಬೇರಾಗಿ ಬಳಸಿಕೊಂಡದ್ದು.

ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ನಡುವೆ, ಕ್ರಿಪ್ಟೊಕರೆನ್ಸಿ ವಹಿವಾಟು ನಡೆಸುವ ಕಾಯಿನ್‌ಬೇಸ್ ಕಂಪನಿ ಒಂದು ನಿಮಿಷ ಕಾಲ ಬರಿಯ ಕೋಡೊಂದು ಪರದೆಯ ಮೇಲೆ ಪುಟಿಯುವ ಜಾಹೀರಾತು ಹಾಕಿತು. ಬಂದವರ ಭಾರ ತಾಳದೆ ಕಂಪನಿಯ ಆ್ಯಪ್ ಸ್ವಲ್ಪ ಹೊತ್ತು ಕುಸಿಯಿತು. ಕುತೂಹಲವೊಂದನ್ನೇ ನೆಚ್ಚಿಕೊಳ್ಳುವ ಈ ಬಗೆಯನ್ನು ಸಣ್ಣ ವ್ಯಾಪಾರಿಗಳು ಅನುಕರಿಸದಿರುವುದೇ ಲೇಸು.

ಕೋಡ್ ಎಷ್ಟು ದೊಡ್ಡದಿರಬೇಕು?

ಓದುವ ದೂರದ ಹತ್ತನೆಯ ಒಂದು ಭಾಗ ಎಂಬುದು ರೂಢಿಯ ಲೆಕ್ಕ. ಕೈಯಲ್ಲಿ ಹಿಡಿಯುವ ವಿಸಿಟಿಂಗ್ ಕಾರ್ಡಿಗೆ 2 ಸೆಂಟಿಮೀಟರ್, ಎರಡು ಮೀಟರ್ ದೂರದ ಗೋಡೆಯ ಫ್ಲೆಕ್ಸ್‌ಗೆ 20 ಸೆಂಟಿಮೀಟರ್.

ಆದರೆ ಅಳತೆಯಷ್ಟೇ ಸಾಲದು, ಒಳಗೆ ತುಂಬಿದ ವಿಳಾಸದ ಉದ್ದವೂ ಮುಖ್ಯ. ಸಾಧಾರಣ ದೋಷ ಸರಿಪಡಿಕೆಯ (ಕೋಡಿನ ಸ್ವಲ್ಪ ಭಾಗ ಅಳಿಸಿದರೂ ಓದಲು ಬರುವಂತೆ ಇಟ್ಟ ರಕ್ಷಣೆಯ) ಮಟ್ಟದಲ್ಲಿ 40 ಅಕ್ಷರಗಳ ಇಂಗ್ಲಿಷ್ ವಿಳಾಸಕ್ಕೆ ಅಡ್ಡಡ್ಡ 29 ಮನೆಗಳ ಕೋಡ್ ಸಾಕು. 200 ಅಕ್ಷರಗಳಾದರೆ 57 ಮನೆಗಳು ಬೇಕು. ಸುತ್ತಲೂ ನಾಲ್ಕು ಮನೆಗಳಷ್ಟು ಖಾಲಿ ಅಂಚನ್ನು ಕಡ್ಡಾಯವಾಗಿ ಬಿಡಬೇಕಾದ್ದರಿಂದ, 2 ಸೆಂಟಿಮೀಟರ್ ಜಾಗದಲ್ಲಿ ಮೊದಲನೆಯದರ ಒಂದು ಮನೆ ಸುಮಾರು ಅರ್ಧ ಮಿಲಿಮೀಟರ್ ಇದ್ದರೆ ಎರಡನೆಯದರದ್ದು 0.3 ಮಿಲಿಮೀಟರಿಗೆ ಇಳಿಯುತ್ತದೆ. ಅಗ್ಗದ ಮುದ್ರಣದಲ್ಲಿ ಮಸಿ ಸ್ವಲ್ಪ ಹರಡಿದರೂ ಅಂಥ ಕೋಡ್ ಓದದಂತಾಗುತ್ತದೆ. ಪ್ರೆಸ್ಸಿನವರು ‘ಜಾಗ ದಂಡ’ ಎಂದು ಆ ಬಿಳಿ ಅಂಚನ್ನು ಕತ್ತರಿಸಲು ಬಂದರೆ ಬಿಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಹಿಗ್ಗಿಸಿ ಅಚ್ಚು ಹಾಕಿಸದೆ ಎಸ್‌ವಿಜಿ ಅಥವಾ ಪಿಡಿಎಫ್ ರೂಪದ ಕಡತವನ್ನೇ ಕೊಡಿ.

ಬಣ್ಣ ಹಾಕಬಹುದೇ? ನಡುವೆ ಲೋಗೊ ಇಡಬಹುದೇ?

ಹಾಕಬಹುದು, ಆದರೆ ಹಿನ್ನೆಲೆ ತಿಳಿಯಾಗಿಯೂ ಮನೆಗಳು ಗಾಢವಾಗಿಯೂ ಇರಬೇಕು. ಹಳದಿಯ ಮೇಲೆ ಕೆಂಪು ನೋಡಲು ಹಬ್ಬದಂತಿದ್ದರೂ ಸ್ಕ್ಯಾನರಿಗೆ ಕಷ್ಟ. ಕಪ್ಪಿನ ಮೇಲೆ ಬಿಳಿಯ ಕೋಡನ್ನು ಎಲ್ಲ ಫೋನುಗಳೂ ಓದುವುದಿಲ್ಲ. ಕೋಡಿನ ಒಂದಷ್ಟು ಭಾಗ ಅಳಿಸಿಹೋದರೂ ವಿಷಯ ಉಳಿಯುವಂತೆ ನಾಲ್ಕು ಮಟ್ಟದ ರಕ್ಷಣೆ ಇದ್ದು, ಅವು ಸುಮಾರು ಶೇ 7, 15, 25 ಮತ್ತು 30ರಷ್ಟು ಹಾನಿಯನ್ನು ತಾಳಬಲ್ಲವು. ಲೋಗೊ ಇಡುವುದೆಂದರೆ ನಾವೇ ಬೇಕೆಂದು ಮಾಡುವ ಹಾನಿ. ಅದಕ್ಕೆ ಕೊನೆಯ ಮಟ್ಟವನ್ನು ಆರಿಸಿಕೊಳ್ಳಿ, ಮೂಲೆಯ ಮೂರು ಚೌಕಗಳನ್ನು ಮುಟ್ಟಬೇಡಿ.

ಕೋಡಿನೊಳಗೆ ಕನ್ನಡ ಅಕ್ಷರಗಳನ್ನು ಹಾಕಬಹುದೇ?

ಹಾಕಬಹುದು, ಆದರೆ ಜಾಗ ಹೆಚ್ಚು ತಿನ್ನುತ್ತವೆ. ‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ ಐದು ಸಂಕೇತಗಳಾಗಿ, 15 ಬೈಟ್ (ಒಂದು ಇಂಗ್ಲಿಷ್ ಅಕ್ಷರಕ್ಕೆ ಬೇಕಾಗುವ ಜಾಗ ಒಂದು ಬೈಟ್) ತೆಗೆದುಕೊಳ್ಳುತ್ತದೆ. ಅದನ್ನೇ ವೆಬ್ ವಿಳಾಸದ ಭಾಗವಾಗಿ ಹಾಕಿದರೆ 45 ಅಕ್ಷರಗಳಷ್ಟು ಉದ್ದವಾಗುತ್ತದೆ. ಆದ್ದರಿಂದ ಕೋಡಿನೊಳಗೆ ಚಿಕ್ಕ ಇಂಗ್ಲಿಷ್ ವಿಳಾಸವಿರಲಿ, ಅದು ತೆರೆಯುವ ಪುಟ ಕನ್ನಡದಲ್ಲಿರಲಿ. ಇನ್ನು ಅಂಗಡಿಯ ನಾಮಫಲಕದ ಮೇಲೆಯೇ ಕೋಡ್ ಹಾಕುವವರು, ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಮತ್ತು ಅದು ಮೇಲ್ಭಾಗದಲ್ಲಿರಬೇಕೆಂಬ 2024ರ ತಿದ್ದುಪಡಿಯನ್ನು ನೆನಪಿಟ್ಟುಕೊಂಡು ವಿನ್ಯಾಸ ಮಾಡಿಸಬೇಕು.

ಎಲ್ಲಿ ಹಾಕಬಾರದು?

ವಾಹನ ಓಡಿಸುವವರು ಓದಬೇಕಾದ ಹೆದ್ದಾರಿಯ ಹೋರ್ಡಿಂಗ್‌ನಲ್ಲಿ ಹಾಕಬಾರದು. ಇನ್‌ಸ್ಟಾಗ್ರಾಂ ಪೋಸ್ಟ್‌ನಲ್ಲೂ ಬೇಡ. ಫೋನಿನಲ್ಲೇ ನೋಡುತ್ತಿರುವವರು ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದಾದರೂ ಹೇಗೆ? ಅಲ್ಲಿ ಲಿಂಕ್ ಕೊಟ್ಟರಾಯಿತು. ಜೇನಿನ ಬಾಟಲಿಯಂಥ ದುಂಡು ಮೈಯ ಮೇಲೆ ಹಾಕುವುದಾದರೆ ಸಣ್ಣದಾಗಿ ಹಾಕಿ, ದೊಡ್ಡದಾದರೆ ಎರಡೂ ಅಂಚುಗಳು ಹಿಂದಕ್ಕೆ ಬಾಗುತ್ತವೆ. ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬೆಳಕು ಬಿದ್ದರೂ ಕೋಡ್ ಓದುವುದಿಲ್ಲ.

ಯಾವ ಜಾಗದ ಕೋಡ್ ಕೆಲಸ ಮಾಡಿತೆಂದು ಹೇಗೆ ತಿಳಿಯುವುದು?

ಜಾಗಕ್ಕೊಂದು ಕೋಡ್ ಮಾಡಿ. ವೆಬ್‌ಸೈಟ್ ಇರುವವರು ವಿಳಾಸದ ಕೊನೆಗೆ ಯುಟಿಎಂ ಗುರುತುಗಳನ್ನು (ಗ್ರಾಹಕರು ಎಲ್ಲಿಂದ ಬಂದರೆಂದು ಹೇಳುವ ಪದಗಳನ್ನು) ಸೇರಿಸಿದರೆ, ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ ಪತ್ರಿಕೆಯಿಂದ ಬಂದವರು ಬೇರೆ, ಬಸ್ ನಿಲ್ದಾಣದಿಂದ ಬಂದವರು ಬೇರೆ ಎಂದು ಕಾಣಿಸುತ್ತದೆ. ವೆಬ್‌ಸೈಟೇ ಇಲ್ಲದವರಿಗೆ ಇದಕ್ಕಿಂತ ಸರಳವಾದ ಉಪಾಯವಿದೆ. ವಾಟ್ಸ್ಆ್ಯಪ್ ಲಿಂಕಿನಲ್ಲಿ ಗ್ರಾಹಕರು ಕಳಿಸಬೇಕಾದ ಮೊದಲ ಸಂದೇಶವನ್ನು ಮುಂಚೆಯೇ ಬರೆದಿಡಬಹುದು. ಜಾತ್ರೆಯ ಮಳಿಗೆಯ ಕೋಡಿನಲ್ಲಿ ಒಂದು ಪದ, ಕರಪತ್ರದ ಕೋಡಿನಲ್ಲಿ ಇನ್ನೊಂದು ಪದ ಇಟ್ಟರೆ ಬಂದ ಸಂದೇಶ ನೋಡಿಯೇ ಲೆಕ್ಕ ಹಾಕಬಹುದು. ಸ್ಕ್ಯಾನಿನ ಸಂಖ್ಯೆಗೆ ಮಾತ್ರ ಮರುಳಾಗಬೇಡಿ. ಇನ್ನೂರು ಸಲ ಸ್ಕ್ಯಾನ್ ಆಗಿ ಇಬ್ಬರು ಕೊಂಡರೆ ಕೋಡ್ ಚೆನ್ನಾಗಿದೆ, ಪುಟ ಚೆನ್ನಾಗಿಲ್ಲ ಎಂದರ್ಥ.

‘ಐದು ನಕ್ಷತ್ರ ಕೊಟ್ಟರೆ ಕಾಫಿ ಉಚಿತ’ ಎಂದು ಗೂಗಲ್ ರಿವ್ಯೂ ಕೋಡ್ ಇಡಬಹುದೇ?

ಇಡಬಾರದು. ಆಮಿಷ ಒಡ್ಡಿ ವಿಮರ್ಶೆ ಪಡೆಯುವುದು ಗೂಗಲ್ ನಿಯಮಕ್ಕೆ ವಿರುದ್ಧ. ಮೆಚ್ಚಿದವರನ್ನು ಮಾತ್ರ ಆರಿಸಿ ಬರೆಸುವುದೂ ಸಲ್ಲದು. ಬಿಲ್ಲಿನ ಕೆಳಗೆ ಕೋಡ್ ಹಾಕಿ, ಎಲ್ಲರನ್ನೂ ಕೇಳಿ, ಬಂದದ್ದಕ್ಕೆ ಸೌಜನ್ಯದಿಂದ ಉತ್ತರಿಸಿ.

ಸ್ಕ್ಯಾನ್ ಮಾಡಿದವರ ಫೋನ್ ನಂಬರ್ ಸಂಗ್ರಹಿಸಬಹುದೇ?

ಕೇವಲ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಯಾರ ನಂಬರೂ ನಿಮಗೆ ಸಿಗುವುದಿಲ್ಲ. ಅವರು ತಾವಾಗಿ ತುಂಬಿಕೊಡಬೇಕು. ಹಾಗೆ ಪಡೆಯುವಾಗ ಏತಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನು ಕಾಯ್ದೆ ಗ್ರಾಹಕರಿಗೆ ಕೊಡುತ್ತದೆ. ಕನ್ನಡವೂ ಅದರಲ್ಲಿ ಸೇರಿದೆ. ತಿಂಡಿಪಟ್ಟಿ ತೋರಿಸಲು ಹೆಸರು, ಜನ್ಮದಿನ, ನಂಬರ್ ಕೇಳುವ ಹೋಟೆಲುಗಳನ್ನು ಕಂಡರೆ ಇದನ್ನು ಬರೆಯುವವರಿಗೂ ಎದ್ದು ಹೋಗಬೇಕೆನ್ನಿಸುತ್ತದೆ.

ನಮ್ಮ ಕೋಡಿನ ಮೇಲೆ ಬೇರೆಯವರು ತಮ್ಮ ಸ್ಟಿಕ್ಕರ್ ಅಂಟಿಸಿದರೆ?

ಇದು ಊಹೆಯ ಭಯವಲ್ಲ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಪಾವತಿ ಕೋಡುಗಳ ಮೇಲೆ ವಂಚಕರು ತಮ್ಮದನ್ನು ಅಂಟಿಸಿದ್ದರು. ಬಾಗಿಲು ತೆರೆದ ಕೂಡಲೇ ನಿಮ್ಮ ಎಲ್ಲ ಕೋಡುಗಳನ್ನೂ ಒಮ್ಮೆ ಸ್ಕ್ಯಾನ್ ಮಾಡಿ ನೋಡುವುದು, ಹೊರಗಿನವನ್ನು ಗಾಜಿನ ಒಳಬದಿಯಿಂದ ಅಂಟಿಸುವುದು, ಕೋಡಿನ ಕೆಳಗೆ ವಿಳಾಸವನ್ನು ಅಕ್ಷರದಲ್ಲೂ ಮುದ್ರಿಸುವುದು ಒಳ್ಳೆಯದು.

ನಿಮ್ಮ ಪ್ರಚಾರವೇ ವಂಚನೆಯಂತೆ ಕಾಣದಂತೆಯೂ ನೋಡಿಕೊಳ್ಳಬೇಕು. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವುದಾಗಲಿ ಪಿನ್ ಒತ್ತುವುದಾಗಲಿ ಬೇಕಿಲ್ಲವೆಂದು ಬ್ಯಾಂಕುಗಳು ಜನರಿಗೆ ಸಾರಿ ಸಾರಿ ಹೇಳಿವೆ. ಹೀಗಿರುವಾಗ ‘ಸ್ಕ್ಯಾನ್ ಮಾಡಿ, 100 ರೂಪಾಯಿ ಗೆಲ್ಲಿ’ ಎಂದು ಬರೆದರೆ ಎಚ್ಚರವುಳ್ಳ ಗ್ರಾಹಕರು ದೂರ ಸರಿಯುತ್ತಾರೆ.

ಕೋಡ್ ಹಾಕಿದರೆ ತೆರಿಗೆ ನೋಟಿಸ್ ಬರುತ್ತದೆಯೇ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಅನೇಕ ಅಂಗಡಿಗಳವರು ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ಅದರಿಂದ ಹುಟ್ಟಿದ ಪ್ರಶ್ನೆಯಿದು. ಪ್ರಚಾರದ ಕೋಡಿಗೂ ಹಣದ ವಹಿವಾಟಿಗೂ ಸಂಬಂಧವಿಲ್ಲ. ಜಿಎಸ್‌ಟಿ ನೋಂದಣಿಯ ಹೊಣೆ ಬರುವುದು ವಾರ್ಷಿಕ ವಹಿವಾಟಿನಿಂದ: ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿಗಳ ಮಿತಿಯಿದ್ದು, ಹಣ ನಗದಾಗಿ ಬಂದರೂ ಲೆಕ್ಕ ಅದೇ. ಆದರೆ ಪ್ರಚಾರ ಫಲಿಸಿ ಹೊಸೂರಿನಿಂದಲೋ ಪುಣೆಯಿಂದಲೋ ಆರ್ಡರ್ ಬರತೊಡಗಿದರೆ ಜಾಗ್ರತೆ ಬೇಕು. ತೆರಿಗೆಗೊಳಪಡುವ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ, ಕರಕುಶಲ ವಸ್ತುಗಳಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಈ ಮಿತಿಗಳು ಅನ್ವಯಿಸದೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುತ್ತದೆ. ಮೊದಲ ಪಾರ್ಸೆಲ್ ಕಳಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ.

ಕೀಪ್ಯಾಡ್ ಫೋನ್ ಇರುವ ಗ್ರಾಹಕರನ್ನು ಏನು ಮಾಡುವುದು?

ಅವರಿಗಾಗಿ ಕೋಡಿನ ಕೆಳಗೆ ದೂರವಾಣಿ ಸಂಖ್ಯೆಯನ್ನು ಕನ್ನಡಕ ಹುಡುಕಬೇಕಾಗದಷ್ಟು ದಪ್ಪ ಅಂಕಿಗಳಲ್ಲಿ ಮುದ್ರಿಸಿ, ಮತ್ತು ಆ ಸಂಖ್ಯೆಗೆ ಕರೆ ಬಂದಾಗ ಎತ್ತಿಕೊಳ್ಳುವವರು ಯಾರೆಂದು ಅಂಗಡಿಯಲ್ಲಿ ಮೊದಲೇ ನಿಗದಿ ಮಾಡಿಡಿ.